ತಲೆಗೆ ಪೆಟ್ಟಾದ ಮಗು ಶಾಲೆಗೆ ಮರಳುವಾಗ



ಕಬಡ್ಡಿ ಆಡುವಾಗ ಬಿದ್ದೋ, ಬೈಕಿನಿಂದ ಜಾರಿಯೋ ತಲೆಗೆ ಪೆಟ್ಟಾದ ಮಕ್ಕಳನ್ನು ಆಸ್ಪತ್ರೆಗೆ ಕರೆತರುತ್ತೀರಿ. "ಸ್ಕ್ಯಾನ್ ನಾರ್ಮಲ್ ಇದೆ" ಎಂದ ಕೂಡಲೇ ನಿಮ್ಮ ಪ್ರಶ್ನೆ ಒಂದೇ: "ಹಂಗಾದ್ರ ನಾಳಿಂದ ಸಾಲಿಗೆ ಕಳಸಬಹುದಲ್ರೀ?" ಇಂದು ಆ ಪ್ರಶ್ನೆಗೇ ಉತ್ತರ ಹೇಳುತ್ತೇನೆ.

ಸ್ಕ್ಯಾನಿನಲ್ಲಿ ರಕ್ತಸ್ರಾವ, ಎಲುಬಿನ ಬಿರುಕು ಕಾಣುತ್ತವೆ. ತಲೆ ಜೋರಾಗಿ ಅಲುಗಿದಾಗ ಮೆದುಳಿನ ಕೆಲಸದಲ್ಲಾಗುವ ಏರುಪೇರು ಕಾಣುವುದಿಲ್ಲ. ಇದಕ್ಕೆ ಕನ್ಕಷನ್ ಎನ್ನುತ್ತೇವೆ. ಪ್ರಜ್ಞೆ ತಪ್ಪದಿದ್ದರೂ ಇದು ಆಗಿರಬಹುದು. ಮಗು ನೋಡಲು ಗಟ್ಟಿಮುಟ್ಟಾಗಿರುತ್ತದೆ. ಆದರೆ ತರಗತಿಯಲ್ಲಿ ಕುಳಿತರೆ ತಲೆ ಸಿಡಿಯುತ್ತದೆ, ಹಲಗೆಯ ಮೇಲಿನ ಅಕ್ಷರ ಮಸುಕಾಗುತ್ತದೆ, ಗದ್ದಲ ತಡೆಯಲಾಗುವುದಿಲ್ಲ, ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಕೈಗೆ ಪ್ಲಾಸ್ಟರ್ ಹಾಕಿದ ಮಗುವಿಗೆ ಬರೆ ಎಂದು ಯಾರೂ ಒತ್ತಾಯಿಸುವುದಿಲ್ಲ. ಈ ಮಗುವಿಗೆ ಮಾತ್ರ "ಸೋಮಾರಿ, ನಾಟಕ ಮಾಡ್ತಾನ" ಎಂಬ ಬೈಗುಳ. ದಯವಿಟ್ಟು ಹಾಗೆ ಬೈಯಬೇಡಿ.

ಮೊದಲ 24ರಿಂದ 48 ಗಂಟೆ ಮನೆಯಲ್ಲಿ ವಿಶ್ರಾಂತಿ ಸಾಕು. ಮೊಬೈಲು, ಟಿ.ವಿ. ಕಡಿಮೆ ಮಾಡಿ. ವೈದ್ಯರು ಪರೀಕ್ಷಿಸಿದ ಮೇಲೆ ಮಲಗಲು ಬಿಡಿ, ನಿದ್ದೆ ಒಳ್ಳೆಯದು. ಆದರೆ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಇಡಬೇಡಿ. ಅದರಿಂದ ಚೇತರಿಕೆ ನಿಧಾನವಾಗುತ್ತದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಸಮ್ಮೇಳನವೂ ಕಟ್ಟುನಿಟ್ಟಿನ ವಿಶ್ರಾಂತಿ ಬೇಡವೆಂದೇ ಹೇಳಿದೆ.

ನಂತರ ಹಂತಹಂತವಾಗಿ ಶಾಲೆಗೆ ಕಳಿಸಿ. ವೈದ್ಯರ ಚೀಟಿ ಹಿಡಿದು ನೀವೇ ಹೋಗಿ ತರಗತಿಯ ಶಿಕ್ಷಕರನ್ನು ಕಂಡು ಹೀಗೆ ಕೇಳಿಕೊಳ್ಳಿ:

1. ಮೊದಲ ಕೆಲವು ದಿನ ಅರ್ಧ ದಿನ ಮಾತ್ರ ಶಾಲೆ.
2. ತಲೆನೋವು ಬಂದರೆ ಶಾಂತವಾದ ಜಾಗದಲ್ಲಿ ಸ್ವಲ್ಪ ಹೊತ್ತು ವಿಶ್ರಾಂತಿ.
3. ಮುಂದಿನ ಸಾಲಿನಲ್ಲಿ, ಬಿಸಿಲು ಕಣ್ಣಿಗೆ ಬೀಳದ ಕಡೆ ಜಾಗ.
4. ಮನೆಗೆಲಸದ ಬರವಣಿಗೆ ಕಡಿಮೆ. ಟಿಪ್ಪಣಿಗೆ ಗೆಳೆಯರ ಸಹಾಯ.
5. ಕಿರುಪರೀಕ್ಷೆ ಮುಂದಕ್ಕೆ, ಇಲ್ಲವೇ ಬರೆಯಲು ಹೆಚ್ಚು ಸಮಯ.
6. ಆಟದ ಪೀರಿಯಡ್ಡಿನಲ್ಲಿ ಮೈದಾನಕ್ಕೆ ಕಳಿಸಬಾರದು.

ಹೆಚ್ಚಿನ ಮಕ್ಕಳು 4 ವಾರದೊಳಗೆ ಸುಧಾರಿಸುತ್ತಾರೆ. ಅಷ್ಟರಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಕರೆತನ್ನಿ.

ಕೊನೆಯ ಮಾತು ಆಟದ ಬಗ್ಗೆ. ಮೊದಲು ಪಾಠ, ಆಮೇಲೆ ಆಟ. ಇಡೀ ದಿನ ತರಗತಿಯಲ್ಲಿ ತೊಂದರೆಯಿಲ್ಲದೆ ಕುಳಿತು, ವೈದ್ಯರು ಒಪ್ಪಿದ ಮೇಲಷ್ಟೇ ಪಂದ್ಯಕ್ಕೆ ಬಿಡಿ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಜೀವಕ್ಕೇ ಅಪಾಯವಾಗಬಹುದು.

ಮೇಲಿಂದ ಮೇಲೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ತೊದಲು ಮಾತು, ಎಬ್ಬಿಸಿದರೂ ಏಳದ ಮಂಪರು, ಕೈಕಾಲು ಸೋಲುವುದು, ಕಿವಿ ಮೂಗಿನಿಂದ ನೀರು ಅಥವಾ ರಕ್ತ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಕಳೆದ ಪಾಠವನ್ನು ಮುಂದೆ ಕಲಿಯಬಹುದು. ಮೆದುಳು ಮಾಯಲು ಬೇಕಾದ ದಿನಗಳನ್ನು ಮಗುವಿಗೆ ಕೊಡಿ.