ಜನ 95 ಲಕ್ಷ, ಮಾತಾಡೋರು ಎಷ್ಟು?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಅಡುಗೆ ಮಾಡ್ತಾ ಕೇಳ್ತಿರೋರಿಗೂ ಸ್ವಾಗತ. ನಾನು ಓದಿದ್ದು ಬಿ.ಕಾಂ. ಯಾವ ವಿಷಯ ಬಂದ್ರೂ ಮೊದಲು ಲೆಕ್ಕ ನೋಡ್ತೀನಿ. ಇವತ್ತಿನ ಲೆಕ್ಕ ಮಾತ್ರ ಟ್ಯಾಲಿ ಆಗ್ತಿಲ್ಲ.

ಚೀನಾದಲ್ಲಿ ತುಜಿಯಾ ಅಂತ ಒಂದು ಜನಾಂಗ ಇದೆ. ಹುನಾನ್, ಹುಬೇ, ಗುಯಿಝೌ, ಚೊಂಗ್‌ಚಿಂಗ್ ಒಂದಕ್ಕೊಂದು ತಾಗೋ ವುಲಿಂಗ್ ಬೆಟ್ಟಗಳ ಸೀಮೆ ಇವರದು. 2020ರ ಜನಗಣತಿಯಲ್ಲಿ ಇವರ ಸಂಖ್ಯೆ 95 ಲಕ್ಷಕ್ಕೂ ಹೆಚ್ಚು. ತುಜಿಯಾ ಭಾಷೆ ಮಾತಾಡೋರು? ಈ ಶತಮಾನದ ಆರಂಭದ ಅಂದಾಜಲ್ಲೇ ಸುಮಾರು 70 ಸಾವಿರ. ನೂರು ಜನರಲ್ಲಿ ಒಬ್ಬರೂ ಇಲ್ಲ.

'ಭಾಷೆ ಹೋದ್ರೇನು, ಜನ ಇದ್ದಾರಲ್ಲ' ಅಂತ ನೀವು ಕೇಳ್ಬಹುದು. ಅದಕ್ಕೇ ಈ ಕಥೆ ಹೇಳ್ತೀನಿ. 1950ರಲ್ಲಿ ಯೋಂಗ್‌ಶುನ್ ಕಡೆಯ ಟಿಯನ್ ಶಿನ್‌ಟಾವ್ ಅನ್ನೋ ಶಾಲಾ ಶಿಕ್ಷಕಿ ರಾಷ್ಟ್ರೀಯ ದಿನಾಚರಣೆಗೆ ಬೀಜಿಂಗ್‌ಗೆ ಹೋದ್ರು. ಕಾಗದದಲ್ಲಿ ಅವರು ಮಿಯಾವ್ ಜನಾಂಗದ ಪ್ರತಿನಿಧಿ. ಯಾಕಂದ್ರೆ ಸರ್ಕಾರದ ಪಟ್ಟಿಯಲ್ಲಿ ತುಜಿಯಾ ಅನ್ನೋ ಹೆಸರೇ ಇರ್ಲಿಲ್ಲ. ನಾವು ಬೇರೆ ಜನ ಅಂತ ಅವರು ಹೇಳಿದ್ರು. ಅದಕ್ಕೆ ದೊಡ್ಡ ಪುರಾವೆ ಅಂದ್ರೆ ಅವರಾಡೋ ಮಾತು. ಅದು ಚೀನಿಯೂ ಅಲ್ಲ, ಮಿಯಾವೂ ಅಲ್ಲ. ಟಿಬೆಟೊ-ಬರ್ಮನ್ ಕುಟುಂಬದ ಭಾಷೆ. ಭಾಷಾತಜ್ಞರು, ಸಮಾಜಶಾಸ್ತ್ರಜ್ಞ ಪಾನ್ ಗುವಾಂಗ್‌ಡಾನ್ ಅಂಥವರು ಅಧ್ಯಯನ ಮಾಡಿದ್ರು. 1957ರ ಜನವರಿಯಲ್ಲಿ ತುಜಿಯಾಗಳಿಗೆ ಪ್ರತ್ಯೇಕ ಜನಾಂಗ ಅನ್ನೋ ಮಾನ್ಯತೆ ಸಿಕ್ತು.

ಅಂದ್ರೆ ಗುರುತು ಕೊಡಿಸಿದ್ದೇ ಭಾಷೆ. ಗುರುತು ಉಳೀತು, ಭಾಷೆ ಜಾರ್ತಾ ಇದೆ.

ಒಂದು ಸಣ್ಣ ವಿಷಯ ನನಗೆ ತುಂಬಾ ಹಿಡಿಸ್ತು. 'ನಾನು ಅನ್ನ ತಿಂತೀನಿ' ಅಂತ ನಾವು ಕ್ರಿಯಾಪದನ ಕೊನೆಗೆ ಇಡ್ತೀವಲ್ಲ, ತುಜಿಯಾದಲ್ಲೂ ಹಾಗೇ. ಚೀನಿಯಲ್ಲಿ 'ನಾನು ತಿಂತೀನಿ ಅನ್ನ'. ಮಗು ಭಾಷೆ ಬದಲಿಸಿದಾಗ ಪದ ಮಾತ್ರ ಅಲ್ಲ, ಮಾತು ಜೋಡಿಸೋ ಕ್ರಮವೇ ಬದಲಾಗುತ್ತೆ.

ಯಾಕೆ ಹೀಗಾಯ್ತು? 18ನೇ ಶತಮಾನದಲ್ಲಿ ಸ್ಥಳೀಯ ಪಾಳೆಯಗಾರರ ಆಳ್ವಿಕೆ ಮುಗಿದು, ಚಕ್ರವರ್ತಿಯ ಅಧಿಕಾರಿಗಳು ಬಂದ್ರು. ಹೊರಗಿನಿಂದ ಜನರೂ ಬಂದು ನೆಲೆಸಿದ್ರು. ಆಮೇಲೆ ಶಾಲೆ, ಟಿವಿ, ಕರಾವಳಿ ಕಾರ್ಖಾನೆಗಳ ಕೆಲಸ, ಎಲ್ಲ ಚೀನಿಯಲ್ಲೇ. ತುಜಿಯಾಕ್ಕೆ ಹಳೇ ಲಿಪಿ ಇಲ್ಲ. ರೋಮನ್ ಅಕ್ಷರದ ಬರಹ ಪದ್ಧತಿ ಬಂದಿದ್ದೇ 1980ರ ದಶಕದಲ್ಲಿ. ಅಲ್ಲಿವರೆಗೆ ಹಾಡು, ಕಥೆ, ಪೂಜೆ ಮಾಡಿಸೋ ತೀಮಾಗಳ ಮಂತ್ರ, ಎಲ್ಲ ಬಾಯಿಂದ ಬಾಯಿಗೆ. ಹಾಗಾಗಿ ಮನೇಲಿ ಮಾತು ನಿಂತ್ರೆ ಎಲ್ಲಾನೂ ನಿಲ್ಲುತ್ತೆ.

ಇದನ್ನೆಲ್ಲ ಓದ್ತಾ ನನ್ನ ಮನೆ ಲೆಕ್ಕ ನೆನಪಾಯ್ತು. 2011ರ ಜನಗಣತಿಯಲ್ಲಿ ತುಳುವರು 18 ಲಕ್ಷ, ಭಯ ಏನು ಅಂದ್ಕೊಂಡಿದ್ದೆ. ಆದ್ರೆ ಬೆಂಗಳೂರಲ್ಲಿ ಬೆಳೆದ ನಾನು ಅಜ್ಜಿಯ ತುಳುಗೆ ಕನ್ನಡದಲ್ಲೇ ಉತ್ತರ ಕೊಡೋದು. ನಮ್ಮ ಮನೇಲಿ ತುಳು ಅಜ್ಜಿ, ಅಮ್ಮ, ಅಲ್ಲಿಗೆ ಮುಗೀತು.

ಹೋದ ಭಾನುವಾರ ಫೋನಲ್ಲಿ ಪೂರ್ತಿ ತುಳುವಲ್ಲೇ ಮಾತಾಡೋಕೆ ನೋಡ್ದೆ. ಅಜ್ಜಿ ನಕ್ಕರು, ಸಾಲು ಸಾಲಿಗೂ ತಿದ್ದಿದ್ರು. ಆದ್ರೆ ಯಾವತ್ತೂ ಎರಡು ನಿಮಿಷಕ್ಕೆ ಫೋನ್ ಇಡೋರು ಅವತ್ತು ಅರ್ಧ ಗಂಟೆ ಮಾತಾಡಿದ್ರು.

ನಿಮ್ಮ ಮನೇಲಿ ಲೆಕ್ಕ ಯಾರ ಹತ್ರ ನಿಂತಿದೆ? ನನಗೆ ಹೇಳಿ. ಮುಂದಿನ ವಾರ ಸಿಗೋಣ.