ಟೈಗರ್ ಟ್ಯಾಂಕಿನ ಇಸವಿ ಹೇಳುವ ಗಾಲಿ



ನಿಮ್ಮ ಮನೆಯಲ್ಲಿ ಯಾರಾದರೂ ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿನ ಮಾದರಿ ಜೋಡಿಸುತ್ತಿದ್ದಾರೆಯೇ? ಅಂಟು ಹಚ್ಚುವ ಮೊದಲು ಇಸವಿ ನಿಶ್ಚಯಿಸಿಕೊಳ್ಳಿ. 1942ರಿಂದ 1944ರವರೆಗೆ ತಯಾರಾದ ಟೈಗರ್‌ಗಳೆಲ್ಲ ಒಂದೇ ತರಹ ಇರಲಿಲ್ಲ. ಮೊದಲಿನ ಗಾಲಿಗಳಿಗೆ ರಬ್ಬರ್ ಅಂಚು; 1944ರ ಫೆಬ್ರವರಿಯಿಂದ ಉಕ್ಕಿನ ಅಂಚು. ಅಯಸ್ಕಾಂತದ ಸಿಡಿಮದ್ದು ಅಂಟದಂತೆ ಬಳಿಯುತ್ತಿದ್ದ ಗೆರೆಗೆರೆಯ ಜಿಮರಿಟ್ ಲೇಪ ಬಂದದ್ದು 1943ರಲ್ಲಿ, ನಿಂತದ್ದು 1944ರಲ್ಲಿ.

ಇದನ್ನರಿಯದೆ ನಾನು 1942ರ ಟ್ಯುನೀಸಿಯಾದ ಟೈಗರ್‌ಗೆ ಆ ಲೇಪ ಬಳಿದು ಒಂದು ತಿಂಗಳ ಕೆಲಸ ಕೆಡಿಸಿಕೊಂಡೆ. ಪೆಟ್ಟಿಗೆಯ ಚಿತ್ರವನ್ನೇ ನಂಬಬೇಡಿ. ಆ ಕಾಲದ ಫೋಟೋ ನೋಡಿ.

ರಜೆಯಲ್ಲಿ ಮಕ್ಕಳನ್ನು ಅಹ್ಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ, ಟ್ಯಾಂಕ್ ಮ್ಯೂಸಿಯಮ್ಮಿಗೆ ಕರೆದೊಯ್ಯಿರಿ. ಟೈಗರ್ ಅಲ್ಲಿಲ್ಲ, ಆದರೆ ನಿಜವಾದ ಉಕ್ಕು, ಬೆಸುಗೆ, ಗಾಲಿ ಹೇಗಿರುತ್ತವೆಂದು ಕಣ್ಣಾರೆ ಕಾಣಬಹುದು.