ಕೋಡಿ ಇಲ್ಲದ ಕೆರೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಇಲ್ಲಿ ಎಲ್ಲರೂ ಸಾಧನೆ ಹೇಳಿದರು. ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ.

ನಾನು ಸಿ ಭಾಷೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವನು. ಅದರಲ್ಲಿ ಒಂದು ಹೆಸರಿಗೆ ಎಷ್ಟು ಬೈಟು ಜಾಗವೆಂದು ಮೊದಲೇ ಗೊತ್ತು ಮಾಡಬೇಕು. ಬೈಟು ಎಂದರೆ ಒಂದು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ. ಪಿಂಚಣಿದಾರರ ಪಟ್ಟಿಯೊಂದರಲ್ಲಿ ತಾಲ್ಲೂಕಿನ ಹೆಸರಿಗೆ 20 ಬೈಟು ಇಟ್ಟೆ. ಇಂಗ್ಲಿಷಿನಲ್ಲಿ ಕೊರಟಗೆರೆಗೇ 10 ಅಕ್ಷರ; ಎರಡರಷ್ಟಿದೆಯಲ್ಲ ಎಂದು ನಿಶ್ಚಿಂತೆಯಾಗಿದ್ದೆ.

ಆಮೇಲೆ ಪಟ್ಟಿ ಕನ್ನಡಕ್ಕೆ ಬಂತು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಅಕ್ಷರಕ್ಕೆ 3 ಬೈಟು. ಅದರ ಕೊಂಬು, ಗುಡಿಸಿಗೆ ಮತ್ತೆ 3. ಶಿರಾ 12, ಪಾವಗಡ 15, ಹಿಡಿಸಿದವು. ಮಧುಗಿರಿ 21, ಕೊರಟಗೆರೆ 24. ಹೆಸರು ಮುಗಿಯಿತೆಂದು ತಿಳಿಸುವ ಸೊನ್ನೆಗೆ ಇನ್ನೊಂದು ಬೈಟು ಬೇಕು.

ನಾನು ಬಳಸಿದ್ದು ಸ್ಟರ್‌ಕಾಪಿ. ಜಾಗ ಎಷ್ಟಿದೆಯೆಂದು ಅದು ಕೇಳುವುದಿಲ್ಲ. ಸೊನ್ನೆ ಸಿಗುವ ತನಕ ತುಂಬುತ್ತಲೇ ಇರುತ್ತದೆ. ಕೋಡಿ ಇಲ್ಲದ ಕೆರೆ ತುಂಬಿದರೆ ಏರಿ ಒಡೆದು ಪಕ್ಕದವರ ಹೊಲ ಹಾಳು. ಹಾಗೆಯೇ ತಾಲ್ಲೂಕಿನ ಹೆಸರು ಪಕ್ಕದಲ್ಲಿ ಮೊದಲೇ ಬರೆದಿದ್ದ ಫೋನ್ ನಂಬರನ್ನು ಅಳಿಸಿತು. ಎರಡು ತಾಲ್ಲೂಕಿನವರಿಗೆ ಹಣ ಬಂದ ಸಂದೇಶ ಹೋಗಲಿಲ್ಲ. ಅಜ್ಜಿಯೊಬ್ಬರು ಮೂರು ಸಲ ಬಸ್ಸಿನಲ್ಲಿ ಬಂದು ವಿಚಾರಿಸಿದರಂತೆ. ತಪ್ಪು ನನ್ನದೇ.

ಇದು ದೊಡ್ಡವರೂ ಎಡವಿದ ಜಾಗ. 1988ರ ನವೆಂಬರ್ 2ರಂದು ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಪ್ರೋಗ್ರಾಂ ಸಾವಿರಾರು ಕಂಪ್ಯೂಟರುಗಳಿಗೆ ನುಗ್ಗಿತು. ಅದು ಹಿಡಿದ ದಾರಿಗಳಲ್ಲಿ ಒಂದು, ಹೀಗೆ ತುಂಬಿ ಹರಿದ 512 ಬೈಟಿನ ಜಾಗ.

ಗಾಬರಿಯಲ್ಲಿ ಸ್ಟರ್‌ಎನ್‌ಕಾಪಿ ಹಾಕಿದೆ. ಅದು 20ಕ್ಕೆ ನಿಂತಿತು. ಆದರೆ ಜಾಗ ಪೂರ್ತಿ ತುಂಬಿದರೆ ಅದು ಸೊನ್ನೆ ಇಡುವುದಿಲ್ಲ. ಮಧುಗಿರಿಯ ಕೊನೆಯ ಗುಡಿಸು ತುಂಡಾಗಿ, ಹೆಸರಿಗೆ ಫೋನ್ ನಂಬರು ಅಂಟಿಕೊಂಡು ಅಚ್ಚಾಯಿತು.

1998ರಲ್ಲಿ ಟಾಡ್ ಮಿಲ್ಲರ್, ಥಿಯೊ ಡಿ ರಾಟ್ ಅವರು ಓಪನ್‌ಬಿಎಸ್‌ಡಿಗೆ ತಂದ ಸ್ಟರ್‌ಎಲ್‌ಕಾಪಿ ಸೊನ್ನೆಯನ್ನು ಇಟ್ಟೇ ಇಡುತ್ತದೆ. ಪೂರ್ತಿ ಹೆಸರು ಎಷ್ಟು ಉದ್ದವಿತ್ತೆಂದೂ ಹೇಳುತ್ತದೆ. ಆ ಉತ್ತರವನ್ನು ನಾವು ನೋಡಬೇಕು. ನೋಡದಿದ್ದರೆ ಅದೂ ಸದ್ದಿಲ್ಲದೆ ಹೆಸರು ಕತ್ತರಿಸುತ್ತದೆ. ಕೊನೆಗೆ ಜಾಗವನ್ನು 64 ಬೈಟು ಮಾಡಿದೆ. ಹಿಡಿಸದ ಹೆಸರು ಬಂದರೆ ಕತ್ತರಿಸದೆ, ನಿಲ್ಲಿಸಿ ತಿಳಿಸುವಂತೆ ಬರೆದೆ.

ಮಕ್ಕಳೇ, ನಮ್ಮ ಹಿರಿಯರು ಮಳೆ ಬರುವ ಮೊದಲೇ ಕೆರೆಗೆ ಕೋಡಿ ಕಟ್ಟಿದರು. ನೀವೂ ಪ್ರೋಗ್ರಾಂ ಬರೆದಾಗ ಮೊದಲು ನಿಮ್ಮೂರಿನ ಹೆಸರನ್ನು ಕನ್ನಡದಲ್ಲೇ ಕೊಟ್ಟು ನೋಡಿ. ನಾನು ಇಂಗ್ಲಿಷಿನಲ್ಲಿ ಕೊಟ್ಟು ನೋಡಿದ್ದೆ. ನಾನು ಬರೆದದ್ದರಲ್ಲಿ ನನ್ನೂರಿನ ಹೆಸರಿಗೇ ಜಾಗ ಸಾಲಲಿಲ್ಲ.